ಅರ್ಧಕ್ಕೇ ನಿಲ್ಲುವ ಸಾಲು

ಅಮೆರಿಕದಲ್ಲಿ ಹದಿಹರೆಯದವರಿಗಾಗಿ ಬರುವ ಕಾದಂಬರಿಗಳಲ್ಲಿ ಪದ್ಯರೂಪದವಕ್ಕೆ ಒಳ್ಳೆಯ ಬೇಡಿಕೆಯಿದೆ. ಪುಟದಲ್ಲಿ ಅಕ್ಷರ ಕಡಿಮೆ, ಬೇಗ ಮುಗಿಯುತ್ತದೆ, ಪುಸ್ತಕ ಕಂಡರೆ ದೂರ ಓಡುವವರೂ ಓದುತ್ತಾರೆ ಎಂಬುದು ಅದಕ್ಕೆ ಕೊಡುವ ಕಾರಣ. ಸುಳ್ಳೇನಲ್ಲ. ಆದರೆ ಬೇಗ ಮುಗಿಯುವುದೊಂದೇ ಗುಣವಾಗಿದ್ದರೆ ಅವು ಅಷ್ಟೇ ಬೇಗ ಮರೆತೂಹೋಗಬೇಕಿತ್ತು.

2017ರಲ್ಲಿ ಬಂದ ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ ನೋಡಿ. 15 ವರ್ಷದ ವಿಲ್‌ನ ಅಣ್ಣ ಗುಂಡೇಟಿಗೆ ಸತ್ತಿದ್ದಾನೆ. ಅವರ ಕೇರಿಯ ಕಟ್ಟಳೆ ಮೂರು: ಅಳಕೂಡದು, ಯಾರ ಹೆಸರನ್ನೂ ಬಾಯಿಬಿಡಕೂಡದು, ಸೇಡು ತೀರಿಸಿಕೊಳ್ಳದೆ ಬಿಡಕೂಡದು. ಅಣ್ಣನ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ವಿಲ್ ಲಿಫ್ಟ್ ಹತ್ತುತ್ತಾನೆ. ಕೆಳಗಿಳಿಯಲು ಒಂದೇ ನಿಮಿಷ. ಪುಸ್ತಕ ಸುಮಾರು 300 ಪುಟ. ಮಹಡಿ ಮಹಡಿಯಲ್ಲೂ ಲಿಫ್ಟ್ ನಿಂತು, ಸತ್ತವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಬಾಲ್ಯದ ಗೆಳತಿ ಬರುತ್ತಾಳೆ, ಅಪ್ಪನೂ ಬರುತ್ತಾನೆ.

ರೆನಾಲ್ಡ್ಸ್ ಇದನ್ನು ಮೊದಲು ಬರೆದದ್ದು ಗದ್ಯದಲ್ಲಿ. ಗದ್ಯವಾದರೆ ವಿಲ್ ತನ್ನ ದುಃಖವನ್ನು ಬಿಡಿಸಿ ಹೇಳಬೇಕು. ಅಳಬಾರದೆಂದು ಕಲಿತು ಬೆಳೆದವನಿಗೆ ಅದು ಎಲ್ಲಿ ಸಾಧ್ಯ? ಪದ್ಯದಲ್ಲಿ ಅವನು ಸಾಲನ್ನು ಅರ್ಧಕ್ಕೇ ನಿಲ್ಲಿಸಬಹುದು. ಗಂಟಲು ಕಟ್ಟಿತೆಂದು ಬರೆಯುವ ಅಗತ್ಯವೇ ಇಲ್ಲ.

1998ರಲ್ಲಿ ನ್ಯೂಬೆರಿ ಪದಕ ಪಡೆದ ಕ್ಯಾರನ್ ಹೆಸ್ ಅವರ ‘ಔಟ್ ಆಫ್ ದ ಡಸ್ಟ್’ನಲ್ಲೂ ಇಂಥದೇ ಮೌನವಿದೆ. 1930ರ ದಶಕದ ಓಕ್ಲಹೋಮಾ, ಬೆಳೆಯನ್ನೆಲ್ಲ ನುಂಗಿದ ದೂಳಿನ ಬಿರುಗಾಳಿ. ಸೀಮೆಎಣ್ಣೆಯ ಬೆಂಕಿಗೆ ಸಿಕ್ಕ ತಾಯಿ ಉಳಿಯಲಿಲ್ಲ. ಪಿಯಾನೊ ನುಡಿಸುತ್ತಿದ್ದ ಮಗಳ ಕೈಗಳೂ ಸುಟ್ಟವು. ಅಪ್ಪ–ಮಗಳು ಒಂದೇ ಸೂರಿನಡಿ ಇದ್ದರೂ ಮಾತಿಲ್ಲ. ತಾರೀಕು ಹಾಕಿದ ಚಿಕ್ಕ ಚಿಕ್ಕ ಪದ್ಯಗಳಲ್ಲಿ ಅವಳು ಹೇಳುವುದು ಅಪ್ಪನಿಗೆ ಹೇಳಲಾಗದ್ದನ್ನು.

ಗದ್ಯವನ್ನೇ ತುಂಡು ಮಾಡಿ ಒಂದರ ಕೆಳಗೊಂದು ಜೋಡಿಸಿದರೆ ಪದ್ಯವಾಯಿತೇ ಎಂದು ಆಕ್ಷೇಪಿಸುವವರಿದ್ದಾರೆ. ಸಾಲುಗಳನ್ನು ಮತ್ತೆ ಕೂಡಿಸಿ ಓದಿ ನೋಡಿದರಾಯಿತು. ಏನೂ ಕೆಡದಿದ್ದರೆ ಆಕ್ಷೇಪ ಸರಿ. ಒಳ್ಳೆಯ ಪುಸ್ತಕವಾದರೆ ಹಾಗೆ ಕೂಡಿಸಿದ ಕೂಡಲೆ ಕಥೆ ಹೇಳುವ ಮಗುವಿನ ದನಿ ಹೋಗಿ ಬರೀ ವರದಿ ಉಳಿಯುತ್ತದೆ.

ಪದ್ಯದಲ್ಲಿ ಕಥೆ ಕೇಳುವುದು ನಮಗೇನೂ ಹೊಸದಲ್ಲ. ಪುಣ್ಯಕೋಟಿಯ ಹಾಡಿಗೆ ಕಣ್ಣೀರು ಹಾಕಿಯೇ ಬೆಳೆದವರು ನಾವು. ಅಲ್ಲಿ ಹಸು ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತದೆ, ಕೇಳಲು ಕರುವಿದೆ, ಓರಗೆಯ ಹಸುಗಳಿವೆ. ಈ ಕಾದಂಬರಿಗಳ ಮಕ್ಕಳಿಗೆ ಅಂಥ ಕಿವಿ ಸಿಕ್ಕಿಲ್ಲ.

‘ಯಾಕೋ ಸಪ್ಪಗಿದ್ದೀಯ?’ ಎಂದರೆ ‘ಏನಿಲ್ಲ’ ಎನ್ನುವ ಮಕ್ಕಳು ಎಲ್ಲರ ಮನೆಯಲ್ಲೂ ಇದ್ದಾರೆ. ಅವರಿಗೆ ಇಂಥ ಪುಸ್ತಕ ಕೊಟ್ಟು ‘ಏನು ನೀತಿ ಕಲಿತೆ?’ ಎಂದು ಪರೀಕ್ಷೆ ಮಾಡುವುದಕ್ಕಿಂತ, ನಾವೂ ಒಮ್ಮೆ ಓದುವುದು ಮೇಲು. ಅರ್ಧಕ್ಕೆ ನಿಂತ ಮಾತಿಗೆ ಕಾಯುವ ಅಭ್ಯಾಸ ತಪ್ಪಿಹೋಗಿರುವುದು ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು.