ನೋಡಿದ್ದು ಮತ್ತು ಕಂಡದ್ದು

ಕಣ್ಣಿನ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ನೋಡುವುದು ಮತ್ತು ಕಾಣುವುದು. "ಎಲ್ಲಾ ಕಡೆ ನೋಡಿದೆ, ಎಲ್ಲೂ ಕಾಣಲಿಲ್ಲ" ಎಂದು ಬೀಗದಕೈ ಕಳೆದುಕೊಂಡವರು ದಿನವೂ ಹೇಳುತ್ತಾರೆ. ನೋಡುವುದು ನಮ್ಮ ಪ್ರಯತ್ನ, ಕಾಣುವುದು ಅದರ ಫಲ. ಅನುಭವಸ್ಥರನ್ನು 'ಲೋಕ ಕಂಡವರು' ಎಂದು ಕರೆಯುವಾಗಲೂ ಈ ಭೇದ ನಮ್ಮ ಮನಸ್ಸಿನಲ್ಲಿರುತ್ತದೆ. ಹಾಗಾದರೆ ಹಳೆಯ ಊರೊಂದನ್ನು ನೋಡಲು ಹೋದವನಿಗೆ ಅದನ್ನು ಕಾಣುವ ಹೊಣೆಯೂ ಇದೆಯೆ? ಟಿಕೆಟ್ಟಿನ ದುಡ್ಡು ಕೊಟ್ಟ ಮೇಲೆ ಇನ್ನೂ ಏನಾದರೂ ಬಾಕಿ ಉಳಿಯುತ್ತದೆಯೆ?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ರಜೆಯಲ್ಲಿ ಊರಿನಿಂದ ಬರುವ ವಿದ್ಯಾರ್ಥಿಗಳಿಗೆ ನಾವು ತೋರಿಸುವ ಅಹಮದಾಬಾದನ್ನೇ ತೆಗೆದುಕೊಳ್ಳಿ. ಕಳೆದ ಚಳಿಗಾಲದಲ್ಲಿ ನನ್ನ ತಂಗಿಯ ಮಗ ಒಂದೇ ದಿನದ ಪಟ್ಟಿ ಮಾಡಿಕೊಂಡು ಬಂದಿದ್ದ. ಬೆಳಿಗ್ಗೆ 1917ರ ಸಾಬರಮತಿ ಆಶ್ರಮ, ಆಮೇಲೆ ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಿ, 1424ರ ಜಾಮಾ ಮಸೀದಿ, ಅಲ್ಲಿಂದ 80 ಕಿಲೋಮೀಟರು ದೂರದ ಲೋಥಲ್. ಪ್ರತಿಯೊಂದು ಕಡೆಯಲ್ಲೂ ಫೋಟೊ, ಪ್ರತಿಯೊಂದಕ್ಕೂ ಪಟ್ಟಿಯಲ್ಲಿ ಒಂದು ಗುರುತು. ಲೋಥಲ್ಲಿನಲ್ಲಿ ಮಾತ್ರ ಅವನಿಗೆ ಬೇಸರವಾಯಿತು. "ಇಲ್ಲಿ ನೋಡೋದಕ್ಕೆ ಏನಿದೆ ಮಾವ? ಬರೀ ಇಟ್ಟಿಗೆ!" ಎಂದ.

ಹುಡುಗನನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅಥೆನ್ಸಿನ ಅಕ್ರೊಪೊಲಿಸ್ಸಿಗೆ ಹೋಗುವ ಎಷ್ಟೋ ಪ್ರವಾಸಿಗಳ ಕಥೆಯೂ ಇದೇ. ಇರುವುದು ಒಂದು ದಿನ, ಅವರು ತಾನೆ ಏನು ಮಾಡಿಯಾರು? ವರ್ಷಗಟ್ಟಲೆ ಅಭ್ಯಾಸ ಮಾಡಿದ ಪಂಡಿತರಿಗೆ ಮಾತ್ರ ಕಾಣುವ ಅಧಿಕಾರ, ಉಳಿದವರು ಮನೆಯಲ್ಲೇ ಇರಲಿ ಎಂದರೆ ಅದು ಅಹಂಕಾರದ ಮಾತಾಗುತ್ತದೆ. ಕಾಲದ ಅಳತೆಯಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷ ಇದೇ ಊರಿನಲ್ಲಿದ್ದು, ನೆಂಟರು ಬಂದಾಗ ಮಾತ್ರ ಊರು ನೋಡುವವರು ನಮ್ಮ ಸಂಘದಲ್ಲೇ ಬೇಕಾದಷ್ಟು ಜನರಿದ್ದಾರೆ! ದಿನವೂ ಸೀದಿ ಸೈಯದ್ ಜಾಲಿಯ ಮುಂದೆ ಬಸ್ಸಿನಲ್ಲಿ ಹಾದುಹೋಗುವವನ ಕಣ್ಣಿನ ಪಟಲದ ಮೇಲೂ ಆ ಕಲ್ಲಿನ ಮರದ ಬಿಂಬ ತಪ್ಪದೆ ಬೀಳುತ್ತದೆ. ಬಿಂಬ ಬೀಳುವುದಷ್ಟೇ ಕಾಣುವುದಾದರೆ ಕ್ಯಾಮೆರಾ ನಮ್ಮೆಲ್ಲರಿಗಿಂತ ದೊಡ್ಡ ಜ್ಞಾನಿಯಾಗಬೇಕಿತ್ತು.

ಲೋಥಲ್ಲಿನ 'ಬರೀ ಇಟ್ಟಿಗೆ'ಯನ್ನೇ ವಿಚಾರಿಸೋಣ. 1954ರಲ್ಲಿ ಈ ದಿಬ್ಬವನ್ನು ಗುರುತಿಸಿ, ಮರುವರ್ಷದಿಂದ ಉತ್ಖನನ ನಡೆಸಿದವರು ನಮ್ಮ ನಾಡಿನಲ್ಲೇ ಹುಟ್ಟಿದ ಡಾ. ಎಸ್. ಆರ್. ರಾವ್ (1922-2013). ಸುಟ್ಟ ಇಟ್ಟಿಗೆಯಿಂದ ಕಟ್ಟಿದ, ಸುಮಾರು 215 ಮೀಟರು ಉದ್ದ, 36 ಮೀಟರು ಅಗಲದ ಒಂದು ದೊಡ್ಡ ಕೊಳ ಅಲ್ಲಿದೆ. ಹಡಗುಗಳು ಬಂದು ನಿಲ್ಲುತ್ತಿದ್ದ ಹಡಗುಕಟ್ಟೆ ಇದು ಎಂದರು ರಾವ್. ಅಲ್ಲ, ಬರಿಯ ನೀರಿನ ಕೆರೆ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ನೋಡಿದ ಇಟ್ಟಿಗೆ ಒಂದೇ. ಕಂಡದ್ದು ಬೇರೆ ಬೇರೆ. ಅಂದಮೇಲೆ ಕಾಣುವುದರಲ್ಲಿ ಕಣ್ಣಿನ ಪಾಲಿಗಿಂತ ಪ್ರಶ್ನೆಯ ಪಾಲು ಹೆಚ್ಚು ಎಂದಾಯಿತು.

ಅಲ್ಲಿಯ ಉಗ್ರಾಣಕ್ಕೆ ಒಮ್ಮೆ ಬೆಂಕಿ ಬಿದ್ದಿತ್ತು. ಸರಕಿನ ಮೂಟೆಗಳು ಸುಟ್ಟುಹೋದವು. ಆದರೆ ಮೂಟೆಗಳ ಗಂಟಿಗೆ ಹಚ್ಚಿದ್ದ ಹಸಿಮಣ್ಣಿನ ಮುದ್ರೆಗಳು ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದುಕೊಂಡವು. ಅವುಗಳ ಮುಂಭಾಗದಲ್ಲಿ ಮುದ್ರೆಯ ಅಚ್ಚು, ಹಿಂಭಾಗದಲ್ಲಿ ಚಾಪೆ, ಬಟ್ಟೆ, ಹುರಿಗಳ ಗುರುತು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಯಾರೋ ಒಬ್ಬಾತ ಮೂಟೆ ಕಟ್ಟಿಸಿ, ಸರಿಯಾಗಿದೆಯೆಂದು ನೋಡಿ, ಮುದ್ರೆ ಒತ್ತಿದ. ಕಚೇರಿಯಲ್ಲಿ ದಿನವಿಡೀ ಮೊಹರು ಒತ್ತುವ ನನ್ನಂಥವನಿಗೆ ಆ ಕೈ ಪರಕೀಯವೆನಿಸುವುದಿಲ್ಲ. ಆ ಜನರ ತೂಕದ ಕಲ್ಲುಗಳು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗುತ್ತವೆ. ಹರಪ್ಪದಿಂದ ಲೋಥಲ್ಲಿನವರೆಗೆ ಅದೇ ಕ್ರಮ. ಗುರುತಿಲ್ಲದ ಮನುಷ್ಯ ಕಳಿಸಿದ ಮೂಟೆಯನ್ನು ಇನ್ನೊಂದು ಊರಿನವನು ನಂಬಿ ಬಿಚ್ಚಬೇಕಾದರೆ ತೂಕ ಒಂದೇ ಇರಬೇಕು. ಆ ಊರಿನ ದೊರೆ ಯಾರೆಂದು ಯಾರಿಗೂ ತಿಳಿಯದು. ಉಳಿದಿರುವುದು ಅಲ್ಲಿಯ ಜನ ಪರಸ್ಪರ ಇಟ್ಟುಕೊಂಡಿದ್ದ ನಂಬಿಕೆಯ ಗುರುತು.

ಇಲ್ಲಿಯೇ ನೀತಿಯ ಪ್ರಶ್ನೆ ಏಳುತ್ತದೆ. ಸತ್ತವರು ನಮ್ಮ ನೋಟಕ್ಕಾಗಿ ಬಾಳಿದವರಲ್ಲ. ತಮ್ಮ ಬದುಕಿಗಾಗಿ ಬಾಳಿದವರು. ಅವರನ್ನು ಕೇವಲ ನಮ್ಮ ಫೋಟೊದ ಹಿನ್ನೆಲೆಯಾಗಿ ಬಳಸುವುದು ಒಂದು ಬಗೆಯ ಅನಾದರ. ಈ ಅನಾದರ ಸತ್ತವರಲ್ಲಿಗೆ ನಿಲ್ಲುವುದೂ ಇಲ್ಲ. ಹಳೆಯ ಪೋಳಿನ ಓಣಿಯಲ್ಲಿ ಕೆತ್ತನೆಯ ಮರದ ಕಂಬವನ್ನು ಮೆಚ್ಚಿ, ಅದರ ಪಕ್ಕದಲ್ಲೇ ಕುಳಿತು ಕಾಳು ಹಸನು ಮಾಡುತ್ತಿರುವ ಅಜ್ಜಿಗೆ ಒಂದು ನಮಸ್ಕಾರವನ್ನೂ ಹೇಳದೆ ಮುಂದೆ ಹೋಗುವುದು ಅದೇ ಗುಣದ ಮುಂದುವರಿಕೆ.

ತೋರಿಸದೆ ಬಿಟ್ಟದ್ದನ್ನು ಕಾಣುವುದು ಇನ್ನೂ ಕಷ್ಟ. ದಖ್ಖನಿನ ಕವಿ ವಲಿ ನಮ್ಮ ಹಾಗೆಯೇ ದಕ್ಷಿಣದ ಕಡೆಯಿಂದ ಬಂದವನು. 1707ರಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡ. ಶಾಹಿಬಾಗಿನಲ್ಲಿದ್ದ ಅವನ ಸಮಾಧಿಯನ್ನು 2002ರ ಗಲಭೆಯಲ್ಲಿ ನೆಲಸಮ ಮಾಡಿದರು. ಆ ಜಾಗದ ಮೇಲೆ ಡಾಂಬರು ರಸ್ತೆ ಬಂತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆಂದು ಮನ್ನಣೆ ಕೊಟ್ಟದ್ದು ಇದೇ ಊರಿಗೆ. ಎರಡೂ ನಿಜ. ಎರಡನೆಯದನ್ನು ಅತಿಥಿಗೆ ಹೆಮ್ಮೆಯಿಂದ ಹೇಳಿ ಮೊದಲನೆಯದನ್ನು ನುಂಗಿಕೊಂಡರೆ ನಾವು ತೋರಿಸಿದ್ದು ಊರಲ್ಲ, ಊರಿನ ಜಾಹೀರಾತು. ಊರಿನ ಮೇಲೆ ಪ್ರೀತಿಯಿದ್ದವನು ಅದರ ಗಾಯವನ್ನೂ ಕಂಡಿರಬೇಕು.

ಹೀಗೆಂದರೆ ಪ್ರವಾಸ ಹೊರಟವನು ಮುಖ ಗಂಟಿಕ್ಕಿಕೊಂಡು ತಿರುಗಬೇಕೆಂದಲ್ಲ. ಮಾಣೆಕ್ ಚೌಕದಲ್ಲಿ ರಾತ್ರಿ ತಿಂಡಿ ತಿನ್ನುವುದೂ ಊರನ್ನು ಕಾಣುವ ದಾರಿಯೇ! ಒಂದು ದಿನಕ್ಕೆ ಆರು ಸ್ಥಳಗಳ ಬದಲು ಎರಡು ಸಾಕು. ಪ್ರತಿಯೊಂದು ಕಡೆಯಲ್ಲೂ ಮೂರು ಪ್ರಶ್ನೆಗಳನ್ನು ಕೇಳಿಕೊಂಡರಾಯಿತು: ಇದನ್ನು ಕಟ್ಟಿದ ಕೈ ಯಾರದು? ಯಾರಿಗಾಗಿ ಕಟ್ಟಿದರು? ಈಗ ಇಲ್ಲಿರುವವರು ಹೇಗಿದ್ದಾರೆ? ಉತ್ತರ ಸಿಗದಿದ್ದರೂ ಚಿಂತೆಯಿಲ್ಲ. ಕೇಳಿದವನು ಗೋಡೆಯ ಮೇಲೆ ತನ್ನ ಹೆಸರು ಕೆತ್ತುವುದಿಲ್ಲ, ಇಟ್ಟಿಗೆಯ ಚೂರನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ.

ವಡೋದರದ ಬಂಧುಗಳಿಗೆ ಚಾಂಪಾನೇರ್ ಹತ್ತಿರದಲ್ಲೇ ಇದೆ. ಸೂರತ್ತಿನವರಿಗೆ ಡಚ್ಚರ, ಇಂಗ್ಲಿಷರ ಹಳೆಯ ಗೋರಿಗಳಿವೆ. ದೂರದ ನಾಡಿನಿಂದ ಹೊಟ್ಟೆಪಾಡಿಗೆ ಬಂದು ಇಲ್ಲೇ ಮಣ್ಣಾದವರು ಅವರು. ಹೊರನಾಡಿನಲ್ಲಿರುವ ನಮಗೆ ಅವರ ಮುಂದೆ ನಿಂತಾಗ ಕೇಳಿಕೊಳ್ಳಲು ಪ್ರಶ್ನೆಗಳು ಹುಟ್ಟದೆ ಇರಲಾರವು. ಅನ್ನ ಕೊಟ್ಟ ಊರನ್ನು ಕಾಣುವುದು ನಮಗೆ ವಿನೋದವಷ್ಟೇ ಅಲ್ಲ, ಋಣವೂ ಹೌದು. ಮುಂದಿನ ರಜೆಗೆ ನೆಂಟರ ಮಕ್ಕಳು ಬರುವ ಮೊದಲು ಒಂದು ಭಾನುವಾರ ನಾವೇ ಹೋಗಿಬರಬಹುದಲ್ಲವೆ?