ಎರಡನೆಯ ಪ್ರಶ್ನೆ

ಮೆಲ್ಕಾರಿನ ನಮ್ಮ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ದಿನವೂ ಅದೇ ಮಾತು: 'ಒಣಸ್ ಆಂಡಾ?', ಹೆದ್ದಾರಿಯ ಧೂಳು, ಹೋದ ಕರೆಂಟು, ಯಾರದೋ ಸೊಂಟನೋವು. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಇಂಥ ಮಾತನ್ನು 'ಫ್ಯಾಟಿಕ್ ಕಮ್ಯೂನಿಯನ್' ಎಂದು ಕರೆದರು. ಇದು ವಿಷಯ ತಿಳಿಸಲು ಅಲ್ಲ, ನಂಟು ಉಳಿಸಲು ಆಡುವ ಮಾತು. ಹವೆಯ ಮಾತಿನ ಜೊತೆ ಆರೋಗ್ಯ ವಿಚಾರಣೆಯನ್ನೂ ಅವರು ಇದರಲ್ಲೇ ಸೇರಿಸಿದ್ದರು.

ನನಗೆ ತಕರಾರಿರುವುದು ಇಲ್ಲಿ. ಧೂಳು ಎಲ್ಲರದು, ನೋವು ಒಬ್ಬನದು. ಹೇಳಲು ಸಂಕೋಚಪಡುವವನು ಅದನ್ನು ಧೂಳು, ಕರೆಂಟಿನ ನಡುವೆ ಹಗುರವಾಗಿ ತೂರಿಸಿಬಿಡುತ್ತಾನೆ. ಎದುರಿಗಿದ್ದರೆ ಕೂತು ಏಳುವಾಗಿನ ಮುಖವೇ ನಿಜ ಹೇಳುತ್ತಿತ್ತು. ಮೊಬೈಲಿನಲ್ಲಿ ಎಲ್ಲ ದೂರುಗಳ ಅಕ್ಷರವೂ ಒಂದೇ ಗಾತ್ರ. ಕೈಮುಗಿದ ಒಂದು ಎಮೋಜಿ ಹಾಕಿದರೆ ನಮ್ಮ ಕರ್ತವ್ಯ ಮುಗಿದಂತೆ.

ಹಾಗಾದರೆ ಗೆಳೆಯನ ಹೊಣೆ ಏನು? ಔಷಧ ಹೇಳುವುದಲ್ಲ, ಮರುದಿನ ನೆನಪಿಡುವುದು. 'ಊಟ ಆಯ್ತಾ' ಎಂದು ರೂಢಿಯೂ ಕೇಳುತ್ತದೆ. 'ನಿನ್ನೆಯ ಸೊಂಟನೋವು ಹೇಗಿದೆ ಮಾರಾಯ?' ಎಂದು ಕೇಳಲು ನಿನ್ನೆ ಕಿವಿಗೊಟ್ಟವನೇ ಬೇಕು. ಆದರೂ ಮೊದಲ ಪ್ರಶ್ನೆ ವ್ಯರ್ಥವಲ್ಲ. ದಿನವೂ ಅದು ಬಾಗಿಲು ತೆರೆದಿಡದಿದ್ದರೆ ನೋವು ಹೇಳಲು ಜಾಗವೇ ಇರುತ್ತಿರಲಿಲ್ಲ.