ಕಂಪ್ಯೂಟರ್ ನಮ್ಮದು, ತಂತ್ರಾಂಶವೂ ನಮ್ಮದಾಗಲಿ

ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ, ದೇವದುರ್ಗದ ಜೆರಾಕ್ಸ್ ಅಂಗಡಿಗಳಲ್ಲಿ ದಿನಾ ನಡೆಯುವ ಮಾತಿದು. ಮಲ್ಲಟದ ಕಡೆಯಿಂದ ಅರ್ಜಿ ತುಂಬಿಸಲು ಬಂದ ಹುಡುಗ ಪೆನ್‌ಡ್ರೈವ್ ಕೊಡುತ್ತಾನೆ. ತೆರೆದು ನೋಡಿದರೆ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಇಟ್ಟಿದ್ದ ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಉಳಿದಿರುತ್ತವೆ. ‘ವೈರಸ್ ಬಂದದ ತಮ್ಮಾ, ಫಾರ್ಮ್ಯಾಟ್ ಹೊಡಿಬೇಕಾಗ್ತದ’ ಎನ್ನುತ್ತಾರೆ ಅಂಗಡಿಯವರು. ಹುಡುಗನ ತಪ್ಪೇನೂ ಇಲ್ಲ. ಅಂಗಡಿಯವರನ್ನು ಬೈದೂ ಫಲವಿಲ್ಲ. ಹಣ ಕೊಟ್ಟು ಪರವಾನಗಿ ಕೊಳ್ಳಲಾಗದ ಕಡೆ ‘ಕ್ರ್ಯಾಕ್’ ಮಾಡಿದ ವಿಂಡೋಸ್ ಬರುತ್ತದೆ, ಅದರ ಹಿಂದೆಯೇ ಎಲ್ಲಿಂದಲೋ ಇಳಿಸಿಕೊಂಡ ತಂತ್ರಾಂಶ ಬರುತ್ತದೆ, ಅದರ ಬೆನ್ನಿಗೆ ವೈರಸ್ ಬರುತ್ತದೆ.

ಈ ತೊಂದರೆಗೆ ಈಗ ಇನ್ನೊಂದು ಸೇರಿಕೊಂಡಿದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೊಸ ಪೀಳಿಗೆಯ ಪ್ರೊಸೆಸರೂ ಇರಲೇಬೇಕು. ಸರ್ಕಾರಿ ಶಾಲೆಯ ಲ್ಯಾಬಿನಲ್ಲಿ, ಮನೆಯ ಮೂಲೆಯಲ್ಲಿ ಇರುವ ಎಷ್ಟೋ ಹಳೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅವುಗಳ ಕೀಲಿಮಣೆ, ಪರದೆ, ಪ್ರೊಸೆಸರ್ ಎಲ್ಲವೂ ಗಟ್ಟಿಯಾಗಿವೆ. ಆದರೂ ಅವನ್ನು ಗುಜರಿಗೆ ಹಾಕುವ ಮಾತು ಶುರುವಾಗಿದೆ. ಗುಜರಿಗೆ ಹಾಕುವ ಮೊದಲು ಒಂದು ದಾರಿಯನ್ನು ನೋಡಲೇಬೇಕು ಎಂಬುದು ನನ್ನ ಕಳಕಳಿ. ಆ ದಾರಿಯೇ ಮುಕ್ತ ತಂತ್ರಾಂಶ.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಮುಕ್ತ ಕಾರ್ಯಾಚರಣ ವ್ಯವಸ್ಥೆ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅಂಥ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಬರೆದರು. ಇವೆರಡೂ ಕೂಡಿ 1993ರಲ್ಲಿ ಡೆಬಿಯನ್, ಅದರ ಆಧಾರದ ಮೇಲೆ 2004ರಲ್ಲಿ ಉಬುಂಟು ಎಂಬ, ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ವ್ಯವಸ್ಥೆಗಳು ಬಂದವು. ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಿ ತಿದ್ದಬಹುದು, ನೆರೆಯವರಿಗೆ ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ಹತ್ತಿ ಬೆಳೆಯುವ ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೈಬ್ರಿಡ್ ಹತ್ತಿಯ ಬೀಜವನ್ನು ಪ್ರತಿ ಮುಂಗಾರಿಗೂ ಪ್ಯಾಕೆಟ್ ಲೆಕ್ಕದಲ್ಲಿ ಕೊಳ್ಳಲೇಬೇಕು. ಮನೆಯ ಜೋಳದ ಬೀಜವನ್ನಾದರೆ ಎತ್ತಿಟ್ಟು ಬಿತ್ತಬಹುದು, ಪಕ್ಕದ ಹೊಲದವರಿಗೂ ಒಂದು ಸೇರು ಕೊಡಬಹುದು. ಮುಕ್ತ ತಂತ್ರಾಂಶ ಈ ಎರಡನೆಯ ಜಾತಿಗೆ ಸೇರಿದ್ದು.

‘ಪುಕ್ಕಟೆ ಸಿಗುವುದು ಗಟ್ಟಿ ಇರುತ್ತದೆಯೇ?’ ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ, ಇಲ್ಲಿ ತಂತ್ರಾಂಶ ಹಾಕಿಕೊಳ್ಳುವ ಕ್ರಮದಲ್ಲೇ ಇದೆ. ಕಂಡ ಕಂಡ ಜಾಲತಾಣದಿಂದ ಫೈಲು ಇಳಿಸುವ ರೂಢಿಯೇ ಇಲ್ಲಿ ಬೇಕಿಲ್ಲ. ಡೆಬಿಯನ್ ಸಮುದಾಯ ಒಂದು ದೊಡ್ಡ ಭಂಡಾರವನ್ನು ಕಾಯ್ದುಕೊಂಡು ಬಂದಿದೆ. ಅದರಲ್ಲಿ ಈಗ ಸುಮಾರು 70 ಸಾವಿರ ತಂತ್ರಾಂಶ ಪ್ಯಾಕೇಜುಗಳಿವೆ. ಪ್ರತಿ ಪ್ಯಾಕೇಜಿಗೂ ನೋಡಿಕೊಳ್ಳುವವರು ಇರುತ್ತಾರೆ, ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ಇಳಿಸಿಕೊಂಡ ಫೈಲು ಆ ಸಹಿ ಮಾಡಿದ ಪಟ್ಟಿಯಲ್ಲಿರುವ ಗುರುತಿಗೆ ತಾಳೆಯಾಗದಿದ್ದರೆ ಕಂಪ್ಯೂಟರ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಶಾಲೆಯ ಮಕ್ಕಳಿಗೆ ರಾತ್ರಿಯ ಆಕಾಶ ತೋರಿಸುವ ಸ್ಟೆಲೇರಿಯಂ ಬೇಕು ಎನ್ನಿ. ಆದೇಶ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಟೆಲೇರಿಯಂ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಮೊದಲು ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ಇದರ ಜೊತೆಗೆ ಬೇರೆ ಯಾವ ಯಾವ ಪ್ಯಾಕೇಜುಗಳು ಬರುತ್ತವೆ, ಒಟ್ಟು ಎಷ್ಟು ಎಂಬಿ ಇಳಿಸಬೇಕು, ಡಿಸ್ಕಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಸಾಲು ಸಾಲಾಗಿ ತೋರಿಸಿ, ‘ಮುಂದುವರಿಯಲೇ?’ ಎಂದು ಕೇಳಿ ನಿಲ್ಲುತ್ತದೆ. ದಿನಕ್ಕೆ ಇಂತಿಷ್ಟೇ ಡೇಟಾ ಎಂದು ಮೊಬೈಲ್ ರೀಚಾರ್ಜ್ ಮಾಡಿಸುವ ಮನೆಗೆ ಈ ಲೆಕ್ಕ ಮೊದಲೇ ಸಿಗುವುದು ಎಷ್ಟು ದೊಡ್ಡ ಅನುಕೂಲ! ಟೈಪ್ ಮಾಡಲು ಅಂಜುವವರಿಗೆ ಇದೇ ಕೆಲಸವನ್ನು ಮೌಸ್ ಒತ್ತಿ ಮಾಡುವ ಸಾಫ್ಟ್‌ವೇರ್ ಸೆಂಟರ್ ಕೂಡ ಇದೆ.

ಹಾಕಿಕೊಂಡ ಮೇಲೆ ನೋಡಿಕೊಳ್ಳಬೇಕು. ಇದೇ ಆಪ್ಟ್‌ಗೆ ‘ಅಪ್‌ಡೇಟ್’ ಎಂದರೆ ಭಂಡಾರದ ಹೊಸ ಪಟ್ಟಿ ಮಾತ್ರ ಬರುತ್ತದೆ. ‘ಅಪ್‌ಗ್ರೇಡ್’ ಎಂದಾಗ ಹಳೆಯ ತಂತ್ರಾಂಶಗಳೆಲ್ಲ ಒಂದೇ ಸಲಕ್ಕೆ ಹೊಸವಾಗುತ್ತವೆ. ‘ರಿಮೂವ್’ ತಂತ್ರಾಂಶವನ್ನು ತೆಗೆಯುತ್ತದೆ, ‘ಪರ್ಜ್’ ಅದರ ಸಿಸ್ಟಂ ಸೆಟ್ಟಿಂಗುಗಳನ್ನೂ ಅಳಿಸುತ್ತದೆ, ‘ಆಟೊರಿಮೂವ್’ ಯಾರಿಗೂ ಬೇಡವಾಗಿ ಉಳಿದ ಸಹಾಯಕ ಪ್ಯಾಕೇಜುಗಳನ್ನು ಗುಡಿಸಿ ಹಾಕುತ್ತದೆ. ಈ ನಾಲ್ಕೈದು ಆದೇಶಗಳನ್ನು ಹೈಸ್ಕೂಲು ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ಕಲಿಯಬಲ್ಲಳು. ಪಾಸ್‌ವರ್ಡ್ ಇಲ್ಲದೆ ಭಂಡಾರದಿಂದ ಏನನ್ನೂ ಹಾಕಲಾಗದು, ತೆಗೆಯಲಾಗದು. ಹತ್ತು ಕೈ ಓಡಾಡುವ ಶಾಲೆಯ ಲ್ಯಾಬಿಗೆ ಇಂಥ ಕಟ್ಟುಪಾಡು ಬೇಕೇ ಬೇಕು.

‘ನಮ್ಮಲ್ಲಿ ನೆಟ್ಟೇ ನೆಟ್ಟಗಿಲ್ಲವಲ್ಲ’ ಎಂದರೆ ಅದಕ್ಕೂ ಉಪಾಯವಿದೆ. ಒಂದು ಕಾಲಕ್ಕೆ ಉಬುಂಟು ಸಿ.ಡಿ.ಗಳು ಪುಕ್ಕಟೆಯಾಗಿ ಅಂಚೆಯಲ್ಲೇ ಬರುತ್ತಿದ್ದವು. ಆ ವ್ಯವಸ್ಥೆ 2011ರಲ್ಲಿ ನಿಂತಿತು. ಈಗ ಆ ಕೆಲಸವನ್ನು ಪೆನ್‌ಡ್ರೈವ್ ಮಾಡುತ್ತದೆ. ನಮ್ಮ ದೇಶದವರೇ ಆದ ಡೆಬಿಯನ್ ತಂತ್ರಜ್ಞ ರಿತೇಶ್ ರಾಜ್ ಸರಾಫ್ ಬರೆದ ‘ಆಪ್ಟ್-ಆಫ್‌ಲೈನ್’ ಎಂಬ ಸಾಧನ ಇದೆ. ನೆಟ್ ಇಲ್ಲದ ಮಲ್ಲಟದ ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆ ಹಾಕಿಟ್ಟುಕೊಂಡರೆ, ‘ನನಗೆ ಇಂತಿಂಥವು ಬೇಕು’ ಎಂಬ ಸಣ್ಣ ಪಟ್ಟಿ ಫೈಲನ್ನು ಅದು ಬರೆದುಕೊಡುತ್ತದೆ. ಆ ಫೈಲನ್ನು ಪೆನ್‌ಡ್ರೈವಿನಲ್ಲಿಟ್ಟು ರಾಯಚೂರಿಗೆ ಒಯ್ದು, ನೆಟ್ ಚೆನ್ನಾಗಿರುವ ಕಂಪ್ಯೂಟರಿಗೆ ಕೊಟ್ಟರೆ ಬೇಕಾದದ್ದೆಲ್ಲ ಇಳಿದು ಒಂದು ಗಂಟಾಗುತ್ತದೆ. ಊರಿಗೆ ಮರಳಿ ಆ ಗಂಟನ್ನು ಬಿಚ್ಚಿಸಿದರೆ ಕೆಲಸ ಮುಗಿಯಿತು. ವಾರಕ್ಕೊಮ್ಮೆ ಸಂತೆಗೋ ಕಚೇರಿಗೋ ಪಟ್ಟಣಕ್ಕೆ ಹೋಗಿಬರುವವರು ಊರಿನ ಕಂಪ್ಯೂಟರನ್ನು ಹೊಸದಾಗಿಯೇ ಇಟ್ಟುಕೊಳ್ಳಬಹುದು.

ಕನ್ನಡದ ವಿಷಯದಲ್ಲೂ ಈ ಭಂಡಾರ ಬರಿದಾಗಿಲ್ಲ. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರಶೈಲಿಗಳು ಅದರಲ್ಲಿವೆ. ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಕಗಪ ಕೀಲಿಮಣೆ ವಿನ್ಯಾಸವಿದೆ. ಟೆಸರಾಕ್ಟ್‌ನ ಕನ್ನಡ ಪ್ಯಾಕೇಜ್ ಹಾಕಿಕೊಂಡರೆ ಸ್ಕ್ಯಾನ್ ಮಾಡಿದ ಮುದ್ರಿತ ಪುಟವನ್ನು ತಿದ್ದಬಹುದಾದ ಪಠ್ಯವಾಗಿ ಮಾಡಿಕೊಡುತ್ತದೆ. ತಪ್ಪುಗಳನ್ನು ನಾವು ಸರಿಪಡಿಸಿಕೊಂಡರಾಯಿತು. ಕಣ್ಣು ಕಾಣದ ಓದುಗರಿಗೆ ಪರದೆಯನ್ನು ಓದಿ ಹೇಳುವ ಆರ್ಕಾ ಇದೆ, ಅದಕ್ಕೆ ಕನ್ನಡದ ದನಿ ಕೊಡುವ ಇ-ಸ್ಪೀಕ್ ಇದೆ. ಯಾವುದಕ್ಕೂ ರೂಪಾಯಿ ಕೊಡಬೇಕಿಲ್ಲ.

ಇದೆಲ್ಲ ಹೊಸದಾಗಿ ಹುಟ್ಟಿದ ಕನಸೇನಲ್ಲ. 2011ರಿಂದ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರುಗಳು ಉಬುಂಟುವಿನಲ್ಲೇ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಕಲಿತರು. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿ, ಹಳೆಯ ಯಂತ್ರಗಳ ಮೇಲೆಯೇ ಮಕ್ಕಳಿಗೆ ಪಾಠ ಮಾಡಿದರು. ಪಕ್ಕದ ಕೇರಳದ ಶಾಲೆಗಳಂತೂ ಬಹಳ ವರ್ಷಗಳಿಂದ ಗ್ನೂ-ಲಿನಕ್ಸ್ ಮೇಲೆಯೇ ನಡೆದಿವೆ. ಅಲ್ಲಿ ಆಗಿದ್ದು ಇಲ್ಲಿ ಆಗದೇ ಇರಲು ಕಾರಣವೇ ಇಲ್ಲ.

ಅಡಚಣೆಗಳನ್ನೂ ಹೇಳಿಬಿಡಬೇಕು. ಕೆಲವು ಪ್ರಿಂಟರ್‌ಗಳು, ಬೆರಳಚ್ಚು ಪಡೆಯುವ ಕೆಲವು ಸಾಧನಗಳು ವಿಂಡೋಸನ್ನೇ ಕೇಳುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕಡತಗಳನ್ನು ಯುನಿಕೋಡಿಗೆ ಬದಲಿಸಿಕೊಳ್ಳಬೇಕಾಗುತ್ತದೆ. ಯಂತ್ರ ತೀರಾ ಹಳೆಯದಾಗಿದ್ದರೆ ಹಗುರವಾದ ಲುಬುಂಟುವಿನಂಥದ್ದನ್ನು ಆರಿಸಿಕೊಳ್ಳಬೇಕು. ಹಾಗಾಗಿ ಅವಸರ ಬೇಡ. ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ವೈಫೈ, ಪ್ರಿಂಟರ್, ಧ್ವನಿ ಎಲ್ಲ ಸರಿಯಿವೆಯೇ ಎಂದು ನೋಡಬಹುದು. ಅಷ್ಟರವರೆಗೆ ಡಿಸ್ಕಿನಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಒಪ್ಪಿಗೆಯಾದರೆ ಫೋಟೊ, ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಂಡ ಮೇಲೆಯೇ ಪೂರ್ತಿಯಾಗಿ ಹಾಕಬೇಕು.

ಹಣ ಉಳಿಯುತ್ತದೆ ಎಂಬುದೊಂದೇ ಇದರ ಲಾಭ ಎಂದು ನಾನು ತಿಳಿದಿಲ್ಲ. ನಮ್ಮ ಯಂತ್ರದೊಳಗೆ ಏನಿದೆ, ಅದು ಎಲ್ಲಿಂದ ಬಂತು, ಬೇಡವಾದರೆ ಹೇಗೆ ತೆಗೆಯಬೇಕು ಎಂಬುದು ನಮಗೇ ತಿಳಿದಿರುವುದು ಅದಕ್ಕಿಂತ ದೊಡ್ಡದು. ರಾಯಚೂರು ಜಿಲ್ಲೆಯನ್ನು ಹಿಂದುಳಿದದ್ದು ಎಂದು ಕರೆಯುವುದನ್ನು ಕೇಳಿ ಕೇಳಿ ಬೆಳೆದ ಮಕ್ಕಳು ಕಂಪ್ಯೂಟರಿನ ಮುಂದೆ ಬರೀ ಗಿರಾಕಿಗಳಾಗಿ ಕೂರಬಾರದು, ಅದನ್ನು ಬಿಚ್ಚಿ ಜೋಡಿಸುವವರಾಗಬೇಕು. ಕದ್ದ ತಂತ್ರಾಂಶದ ಮೇಲೆ ಕಲಿತ ಮಗು ಅಂಜುತ್ತಲೇ ಕಲಿಯುತ್ತದೆ. ತನ್ನದೇ ಹಕ್ಕಿನ ತಂತ್ರಾಂಶದ ಮೇಲೆ ಕಲಿತ ಮಗು ಪ್ರಶ್ನೆ ಕೇಳುತ್ತದೆ.

ಮುಖ್ಯೋಪಾಧ್ಯಾಯರೇ, ಪಂಚಾಯತಿಯ ಅರಿವು ಕೇಂದ್ರದ ಮೇಲ್ವಿಚಾರಕರೇ, ಇಂಜಿನಿಯರಿಂಗ್ ಓದಿ ಹಬ್ಬಕ್ಕೆ ಊರಿಗೆ ಬರುವ ತಮ್ಮ ತಂಗಿಯರೇ, ಮೂಲೆ ಸೇರಿದ ಒಂದೇ ಒಂದು ಕಂಪ್ಯೂಟರನ್ನು ಎತ್ತಿಕೊಳ್ಳಿ. ಅದಕ್ಕೆ ಉಬುಂಟುವನ್ನೋ ಡೆಬಿಯನ್ನನ್ನೋ ಹಾಕಿ, ಕನ್ನಡ ಕೀಲಿಮಣೆ ಕೂರಿಸಿ. ಅದನ್ನು ಪ್ರತಿ ವಾರ ಅಪ್‌ಡೇಟ್, ಅಪ್‌ಗ್ರೇಡ್ ಮಾಡುವ ಹೊಣೆಯನ್ನು ಊರಿನ ಇಬ್ಬರು ಮಕ್ಕಳಿಗೆ ಒಪ್ಪಿಸಿ, ಮೊದಲ ಸಲ ಅವರ ಪಕ್ಕದಲ್ಲೇ ಕೂತು ಕಲಿಸಿಕೊಡಿ.